ನೆತ್ತರಿನ ಲೆಕ್ಕ

ಗಾಯವಾದಾಗ ನೆತ್ತರು ಹೆಪ್ಪುಗಟ್ಟದಿದ್ದರೆ ಮನುಷ್ಯನು ಬದುಕಲಾರನು. ನಾಳದೊಳಗೆ ಹರಿಯುತ್ತಿರುವಾಗಲೇ ಅದು ಹೆಪ್ಪುಗಟ್ಟಿದರೂ ಪ್ರಾಣಕ್ಕೆ ಅಪಾಯವೇ. ಹೆಪ್ಪು ಮಿದುಳಿನ ನಾಳವನ್ನು ಮುಚ್ಚಿದರೆ ಪಾರ್ಶ್ವವಾಯು. ಹೃದಯದ ನಾಳವನ್ನು ಮುಚ್ಚಿದರೆ ಹೃದಯಾಘಾತ. ಮೂಳೆಯೊಳಗಿನ ಮಜ್ಜೆಯು ಅಂಕೆ ತಪ್ಪಿ ರಕ್ತಕಣಗಳನ್ನು ಅತಿಯಾಗಿ ಉತ್ಪಾದಿಸುವ ಕೆಲವು ರೋಗಗಳುಂಟು. ರಕ್ತದ ಕ್ಯಾನ್ಸರಿನ ಜಾತಿಗೆ ಸೇರಿದ್ದರೂ ಇವು ಮಂದಗತಿಯವು. ಹೆಪ್ಪಿನ ಬಾಧೆಯಿಂದ ಪಾರಾದ ರೋಗಿಯು ಎಷ್ಟೋ ವರ್ಷ ಬಾಳಬಲ್ಲನು. ಆ ಬಾಧೆ ಯಾರಿಗೆ ಬಂದೀತೆಂದು ಮುಂಚಿತವಾಗಿ ತಿಳಿಯುವ ಬಗೆ ಹೇಗೆ?

ಇಂತಹ ರೋಗಗಳಲ್ಲೊಂದು ‘ಪಾಲಿಸೈಥೀಮಿಯ ವೇರ’. 1892ರಲ್ಲಿ ಫ್ರಾನ್ಸಿನ ವೈದ್ಯನಾದ ಲೂಯಿ ವಾಕೇ ಎಂಬುವನು ಇದನ್ನು ವಿವರಿಸಿದನು. ಇದರಲ್ಲಿ ಕೆಂಪು ಕಣಗಳು ಮಿತಿಮೀರುತ್ತವೆ. ರೋಗಿಯ ಮುಖವೂ ಕೆಂಪೇರುವುದುಂಟು. ಕೆಂಪು ಕೆನ್ನೆಯನ್ನು ಆರೋಗ್ಯದ ಗುರುತೆಂದು ಹೊಗಳುವ ನಮಗೆ ಇದು ವಿಚಿತ್ರವಾಗಿ ತೋರೀತು!

ರಕ್ತವನ್ನು ಸಣ್ಣ ಗಾಜಿನ ನಳಿಕೆಯಲ್ಲಿಟ್ಟು ವೇಗವಾಗಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿಯುತ್ತವೆ, ತಿಳಿಯಾದ ದ್ರವವು ಮೇಲೆ ನಿಲ್ಲುತ್ತದೆ. ಒಟ್ಟು ರಕ್ತದ ನೂರು ಪಾಲಿನಲ್ಲಿ ಕೆಂಪು ಕಣಗಳ ಪಾಲು ಎಷ್ಟೆಂಬುದೇ ‘ಹೆಮಟೋಕ್ರಿಟ್’. ಆರೋಗ್ಯವಂತನಾದ ಗಂಡಸಿನಲ್ಲಿ ಅದು ಸುಮಾರು 40ರಿಂದ 50. ಹೆಂಗಸಿನಲ್ಲಿ ತುಸು ಕಡಮೆ. ಅಂಬಲಿಗೆ ಹಿಟ್ಟು ಹೆಚ್ಚಾದಷ್ಟೂ ಅದು ಹರಿಯಲು ಹಿಂಜರಿಯುವುದಿಲ್ಲವೆ? ರಕ್ತವೂ ಹಾಗೆಯೇ. ಇಷ್ಟೇ ಅಲ್ಲ, ನಾಳದ ನಡುವೆ ಕಿಕ್ಕಿರಿದು ಸಾಗುವ ಕೆಂಪು ಕಣಗಳು, ಹೆಪ್ಪಿಗೆ ಕಾರಣವಾಗುವ ಕಿರುಬಿಲ್ಲೆಗಳನ್ನು ಗೋಡೆಯ ಕಡೆಗೆ ತಳ್ಳುತ್ತವೆ.

ಈ ಅಂಕಿಯನ್ನು ಎಲ್ಲಿಗೆ ಇಳಿಸಬೇಕೆಂಬ ವಿವಾದವು ಬಹುಕಾಲ ನಡೆಯಿತು. ಇಟಲಿಯ ವೈದ್ಯರು 365 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಲ್ಲಿ ಅದನ್ನು 45ಕ್ಕಿಂತ ಕೆಳಗೂ ಮತ್ತೊಂದರಲ್ಲಿ 45ರಿಂದ 50ರ ನಡುವೆಯೂ ಇರಿಸಲು ಯತ್ನಿಸಿದರು. 2013ರಲ್ಲಿ ಫಲಿತಾಂಶವು ಪ್ರಕಟವಾಯಿತು. ಮೊದಲ ಗುಂಪಿನ 182 ಮಂದಿಯಲ್ಲಿ ಐವರು, ಎರಡನೆಯದರ 183 ಮಂದಿಯಲ್ಲಿ ಹದಿನೆಂಟು ಮಂದಿ ಹೃದಯ ಮತ್ತು ರಕ್ತನಾಳಗಳ ತೊಂದರೆಯಿಂದ ಮಡಿದಿದ್ದರು ಅಥವಾ ದೊಡ್ಡ ಹೆಪ್ಪಿಗೆ ತುತ್ತಾಗಿದ್ದರು. ಸುಮಾರು ಮೂರು ಅಂಕಗಳ ಅಂತರವು ಇಷ್ಟು ಮಂದಿಯ ಹಣೆಯಬರಹವನ್ನು ಬದಲಿಸಿತೆಂದರೆ ಆಶ್ಚರ್ಯವಾಗುತ್ತದೆ.

ಬಿಳಿಯ ಕಣಗಳು ಹೆಚ್ಚಿದಾಗಲೂ ಅಪಾಯವು ಹೆಚ್ಚುವಂತೆ ಕಂಡುಬಂದಿದೆ. ಕಿರುಬಿಲ್ಲೆಗಳ ಮಾತು ಮಾತ್ರ ಬೇರೆ. ಹೆಪ್ಪುಗಟ್ಟಿಸುವುದೇ ಅವುಗಳ ಕೆಲಸವಾದುದರಿಂದ, ಅವು ಹೆಚ್ಚಿದಷ್ಟೂ ಹೆಪ್ಪು ಹೆಚ್ಚಬೇಕೆಂದು ಯಾರಾದರೂ ಊಹಿಸಿಯಾರು. ಆದರೆ ಅವುಗಳ ಎಣಿಕೆಯೊಂದರಿಂದಲೇ ಹೆಪ್ಪಿನ ಮುನ್ಸೂಚನೆ ದೊರೆಯುವುದಿಲ್ಲ. ಘನ ಮಿಲಿಮೀಟರಿಗೆ ಒಂದೂವರೆಯಿಂದ ನಾಲ್ಕೂವರೆ ಲಕ್ಷವಿರಬೇಕಾದ ಅವು ಹತ್ತು ಲಕ್ಷವನ್ನು ಮೀರಿದಾಗ, ಕೆಲವರಲ್ಲಿ ಇದಕ್ಕೆ ವಿರುದ್ಧವಾಗಿ ರಕ್ತಸ್ರಾವವೇ ತಲೆದೋರುತ್ತದೆ. ಅವು ಗಾಯಕ್ಕೆ ಅಂಟಿಕೊಳ್ಳಲು ಬೇಕಾದ ಒಂದು ಸಸಾರಜನಕವನ್ನು ಅತಿಸಂಖ್ಯೆಯ ಬಿಲ್ಲೆಗಳೇ ಹೀರಿ ಕಳೆದುಬಿಡುವುದು ಇದಕ್ಕೆ ಕಾರಣ.

ವೈದ್ಯರು ಈ ಅಂಕಿಗಳೊಡನೆ ರೋಗಿಯ ವಯಸ್ಸನ್ನೂ ಪೂರ್ವಚರಿತ್ರೆಯನ್ನೂ ವಿಚಾರಿಸುತ್ತಾರೆ. ಅರುವತ್ತು ದಾಟಿದವರಿಗೂ ಹಿಂದೊಮ್ಮೆ ಹೆಪ್ಪಿಗೆ ಈಡಾದವರಿಗೂ ಕಣಗಳ ಉತ್ಪತ್ತಿಯನ್ನೇ ತಗ್ಗಿಸುವ ಔಷಧಿ ಬೇಕಾಗುತ್ತದೆ. ಪಾಲಿಸೈಥೀಮಿಯ ವೇರದ ಉಳಿದ ಅನೇಕರಿಗೆ ಆಗಾಗ್ಗೆ ಸ್ವಲ್ಪ ರಕ್ತವನ್ನು ತೆಗೆದು, ಅಲ್ಪ ಪ್ರಮಾಣದ ಆಸ್ಪಿರಿನ್ ಕೊಡುವರು.