ಮಡಿಲಲ್ಲಿ ಮಗು, ಮುಂದೆ ಪರೀಕ್ಷೆ, ಕೈಯಲ್ಲಿ ನಾಲ್ಕು ಕಾಸು

"ಮದುವೆಯಾಯ್ತು, ಮಗುವಾಯ್ತು, ಇನ್ನೆಂಥ ಓದು?" ಎನ್ನುವವರು ಈಗ ಸ್ವಲ್ಪ ಕಡಿಮೆಯಾಗಿದ್ದಾರೆ. ಅದರ ಬದಲು ಇನ್ನೊಂದು ಮಾತು ಬಂದಿದೆ. "ಓದಲಿ, ಬೇಡ ಅಂದೋರ್ಯಾರು? ಫೀಸಿನ ದುಡ್ಡು ಮಾತ್ರ ಅವಳೇ ನೋಡಿಕೊಳ್ಳಲಿ." ಕೇಳಲಿಕ್ಕೆ ಎಷ್ಟು ಉದಾರವಾದ ಮಾತು! ಕಂಕುಳಲ್ಲಿ ಕೂಸು, ಒಲೆಯ ಮೇಲೆ ಹಾಲು, ಇದರ ಮಧ್ಯೆ ದುಡಿಯುವುದು ಯಾವಾಗ, ಓದುವುದು ಯಾವಾಗ ಅಂತ ಯಾರೂ ಹೇಳುವುದಿಲ್ಲ. ಅಂಥ ಎಳೆಯ ತಾಯಂದಿರಿಗೂ, ಮನೆಯಲ್ಲಿ ಅಂಥ ಸೊಸೆಯೋ ಮಗಳೋ ಇರುವ ನನ್ನ ವಯಸ್ಸಿನ ಸೋದರಿಯರಿಗೂ ಈ ನಾಲ್ಕು ಮಾತು.

ಓದಿನ ದಾರಿಯೇನೋ ಮೊದಲಿನಷ್ಟು ಕಷ್ಟದ್ದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಮೂಲಕ ಪಾಠ ಶುರು ಮಾಡಿತ್ತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು, ಅಲ್ಲಿ ಬಿ.ಎ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. 1985ರಲ್ಲಿ ಹುಟ್ಟಿದ ಇಗ್ನೋದಲ್ಲಿ ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೆ ಎಳೆಯಲು ಅವಕಾಶವಿದೆ. ಶಾಲೆಯೇ ಅರ್ಧಕ್ಕೆ ನಿಂತವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿದೆ. ಒಮ್ಮೆ ಸೇರಿದರೆ ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸಿಕೊಳ್ಳಬಹುದು. ಬಾಣಂತನ ಒಂದು ವರ್ಷ ನುಂಗಿದರೂ ಓದು ಮುಳುಗುವುದಿಲ್ಲ ಎಂದಾಯಿತು. ಆದರೆ ಯಾವುದೋ ಊರಿನ ಯಾವುದೋ ಹೆಸರಿನ ಸಂಸ್ಥೆಗೆ ಏಜೆಂಟರ ಕೈಲಿ ದುಡ್ಡು ಕೊಡಬೇಡಿ. ಯು.ಜಿ.ಸಿ.ಯವರು ಮಾನ್ಯತೆ ಇರುವ ದೂರಶಿಕ್ಷಣದ ಪಟ್ಟಿ ಪ್ರಕಟಿಸುತ್ತಾರೆ. ಅದನ್ನು ನೋಡಿಯೇ ಸೇರಬೇಕು.

ತೊಡಕಿರುವುದು ದುಡಿಮೆಯಲ್ಲಿ. ನಮ್ಮ ಬೀದಿಯಲ್ಲೇ ಒಬ್ಬಳು ಹುಡುಗಿ ಇದ್ದಾಳೆ. ವಯಸ್ಸು ಇಪ್ಪತ್ತೆರಡು, ಒಂದೂವರೆ ವರ್ಷದ ಗಂಡುಮಗು, ಇಗ್ನೋದಲ್ಲಿ ಬಿ.ಕಾಂ. ಗಂಡನಿಗೆ ಅಂಗಡಿಯಲ್ಲಿ ಕೆಲಸ. ಸೀರೆ ಸೆರಗಿಗೆ ಕುಚ್ಚು ಹಾಕುವುದು ಅವಳಿಗೆ ತವರಿನಲ್ಲೇ ಬರುತ್ತಿತ್ತು. ಶುರು ಮಾಡಿದಳು. ಕೈ ಅಚ್ಚುಕಟ್ಟು, ಸೀರೆಗಳು ಬಂದವು. ಶ್ರಾವಣದಿಂದ ದೀಪಾವಳಿಯವರೆಗೆ ಅವಳ ಮನೆಯಲ್ಲಿ ಕೂರಲು ಜಾಗವಿರಲಿಲ್ಲ, ಎಲ್ಲೆಲ್ಲೂ ಸೀರೆ! ಬಂದ ದುಡ್ಡು ಸಿಲಿಂಡರಿಗೆ ಹೋಯಿತು, ಮಗುವಿನ ಜ್ವರಕ್ಕೆ ಹೋಯಿತು, ನಾದಿನಿಯ ಮನೆಯ ಉಡುಗೊರೆಗೂ ಹೋಯಿತು. ಇಗ್ನೋದಲ್ಲಿ ಅಂಕದ ಸುಮಾರು ಮೂವತ್ತು ಭಾಗ ಮನೆಯಲ್ಲಿ ಬರೆದು ಕಳಿಸುವ ಅಸೈನ್‌ಮೆಂಟಿಗೆ. ಅದನ್ನು ಬರೆಯಲು ಅವಳಿಗೆ ಹೊತ್ತಿರಲಿಲ್ಲ. ಮುಂದಿನ ವರ್ಷದ ಫೀಸು ಕಟ್ಟುವ ಕೊನೆಯ ದಿನ ಪರ್ಸ್ ಬಿಚ್ಚಿದರೆ ಚಿಲ್ಲರೆ ಮಾತ್ರ. ಓದಿಗೋಸ್ಕರ ಹಿಡಿದ ಕೆಲಸ ಓದನ್ನೇ ತಿಂದು ಹಾಕಿತ್ತು.

ಅವಳು ಕಾಮರ್ಸ್ ಓದುವವಳು; ಆದರೂ ತನ್ನ ಲೆಕ್ಕ ತಾನು ಬರೆದಿರಲಿಲ್ಲ. ಒಂದು ಮಧ್ಯಾಹ್ನ ಇಬ್ಬರೂ ಕೂತು ಬರೆದೆವು. ಒಂದು ಸೀರೆಗೆ ಕೂಲಿ 200 ರೂಪಾಯಿ ಅಂದುಕೊಳ್ಳಿ (ಊರಿಂದೂರಿಗೆ, ಕುಚ್ಚಿನ ಬಗೆಗೆ ತಕ್ಕಂತೆ ದರ ಬೇರೆ). ರೇಷ್ಮೆ ದಾರ, ಮಣಿ ಎಂದು 40 ಹೋಯಿತು. ಮಗು ದಾರ ಎಳೆಯುವುದು, ಬಿಡಿಸುವುದು ಎಲ್ಲ ಸೇರಿ ನಾಲ್ಕು ಗಂಟೆ. ಗಂಟೆಗೆ ಉಳಿದದ್ದು 40 ರೂಪಾಯಿ. ಅದೇ ಮೂರನೆಯ, ನಾಲ್ಕನೆಯ ತರಗತಿಯ ಐದು ಮಕ್ಕಳನ್ನು ಸಂಜೆ ಒಂದು ಗಂಟೆ ಜಗಲಿಯಲ್ಲಿ ಕೂರಿಸಿ ಪಾಠ ಹೇಳಿದರೆ? ಒಂದೊಂದು ಮಗುವಿಗೆ ತಿಂಗಳಿಗೆ 400 ಎಂದರೂ 2000. ವಾರಕ್ಕೆ ಆರು ದಿನದಂತೆ ಗಂಟೆಗೆ ಸುಮಾರು 77 ರೂಪಾಯಿ. ದಾರದ ಖರ್ಚಿಲ್ಲ, ಕಣ್ಣಿಗೆ ಆಯಾಸವಿಲ್ಲ, ತನ್ನ ಮಗುವೂ ಆ ಮಕ್ಕಳ ನಡುವೆ ಆಡಿಕೊಂಡಿರುತ್ತದೆ. ಒಂದೇ ಕಿರಿಕಿರಿ ಎಂದರೆ ಕೆಲವು ತಾಯಂದಿರು "ಮುಂದಿನ ತಿಂಗಳು ಸೇರಿಸಿ ಕೊಡ್ತೀನಿ ಕಣೇ" ಅನ್ನುತ್ತಾರೆ. ಅದಕ್ಕೆ ತಿಂಗಳ ಮೊದಲೇ ತೆಗೆದುಕೊಳ್ಳುವ ಪದ್ಧತಿ ಇಡಬೇಕು, ದಾಕ್ಷಿಣ್ಯ ಕೂಡದು.

ಹಾಗೆಂದು ಕುಚ್ಚು ಬಿಡಬೇಕಾಗಿಲ್ಲ. ಇಗ್ನೋ ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ನಮ್ಮ ಪಂಚಾಂಗವೂ ಇದಕ್ಕೆ ಸ್ವಲ್ಪ ಅನುಕೂಲವಾಗಿದೆ ನೋಡಿ! ಡಿಸೆಂಬರಿನ ನಡುವಿಗೆ ಧನುರ್ಮಾಸ ಹಿಡಿಯುತ್ತದೆ, ಜೂನ್ ಕಳೆಯುತ್ತಿದ್ದಂತೆ ಆಷಾಢ. ಎರಡರಲ್ಲೂ ಮದುವೆಗಳಿಲ್ಲ, ಸೀರೆಗಳೂ ಕಡಿಮೆ. ಅದಕ್ಕೆ ಒಂದು ತಿಂಗಳು ಮುಂಚೆಯೇ ಕೈ ಬಿಗಿ ಹಿಡಿದರೆ ಸಾಕು.

ಮಲೆನಾಡಿನ ಕಡೆಯವರಿಗೆ ಹಲಸಿನ ಹಪ್ಪಳ ಇನ್ನೊಂದು ದಾರಿ. ಬಲಿತ ಕಾಯಿಯ ತೊಳೆ ಬೇಯಿಸಿ ಅರೆದು, ಉಪ್ಪು ಖಾರ ಜೀರಿಗೆ ಹಾಕಿ ತಟ್ಟಿ, ಮಳೆ ಹಿಡಿಯುವ ಮೊದಲು ಒಣಗಿಸಿ ಡಬ್ಬಿ ತುಂಬಿದರೆ ಮಾರಾಟ ವರ್ಷವಿಡೀ ನಿಧಾನವಾಗಿ ನಡೆಯುತ್ತದೆ. ಹಪ್ಪಳವೇನು ಮಹಾ ಅನ್ನಬೇಡಿ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಶುರು ಮಾಡಿದ ಹಪ್ಪಳವೇ ಲಿಜ್ಜತ್ ಆದದ್ದು. ಮನೆಯ ತಿಂಡಿ ಮಾರುವವರೂ 2006ರ ಕಾಯ್ದೆಯಂತೆ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು, ಮರೆಯಬೇಡಿ.

ಮೊಬೈಲಿನಲ್ಲಿ "ಮನೆಯಲ್ಲೇ ಕೂತು ದಿನಕ್ಕೆ ಎರಡು ಸಾವಿರ" ಎಂದು ಬರುತ್ತದಲ್ಲ, ಅದರ ತಂಟೆಗೆ ಹೋಗಬೇಡಿ. ಕೆಲಸ ಕೊಡುವವರು ನಮಗೆ ದುಡ್ಡು ಕೊಡಬೇಕೇ ಹೊರತು ನಮ್ಮಿಂದ ಕೇಳಬಾರದು. ಅಕಸ್ಮಾತ್ ಯಾರಾದರೂ ಮೋಸಹೋದರೆ ಅಳುತ್ತಾ ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಇನ್ನು ದುಡ್ಡಿನ ಮಾತು. ಫೀಸಿನ ಹಣ ಸಾಸಿವೆ ಡಬ್ಬಿಯಲ್ಲಿ ಉಳಿಯುವುದಿಲ್ಲ. ಅಲ್ಲಿರುವ ದುಡ್ಡು ಇಡೀ ಮನೆಯ ದುಡ್ಡು. ತನ್ನ ಹೆಸರಿನಲ್ಲೇ ಬ್ಯಾಂಕಿನಲ್ಲೋ ಪೋಸ್ಟಾಫೀಸಿನಲ್ಲೋ ಖಾತೆ ಬೇಕು. ಬಂದದ್ದರಲ್ಲಿ ಮೊದಲ ಪಾಲು ಅಲ್ಲಿಗೆ, ಮಿಕ್ಕದ್ದು ಮನೆಗೆ. ಇದನ್ನು ಗಂಡನಿಗೂ ಅತ್ತೆಗೂ ಮೊದಲೇ ಹೇಳಿಬಿಡುವುದು ವಾಸಿ. ಕದ್ದು ಕೂಡಿಟ್ಟರೆ ಮನಸ್ತಾಪ.

ಅತ್ತೆಯರ ವಿಷಯಕ್ಕೆ ಬಂದರೆ, ನಾವು ನಾವೇ ಆದ್ದರಿಂದ ಬಿಚ್ಚಿ ಹೇಳುತ್ತೇನೆ. ಆ ಹುಡುಗಿಗೆ ಬೇಕಾಗಿದ್ದದ್ದು ದಿನಕ್ಕೆ ಒಂದೂವರೆ ಗಂಟೆ. ಮಗುವನ್ನು ಎತ್ತಿಕೊಂಡು ದೇವಸ್ಥಾನದ ಕಟ್ಟೆಯವರೆಗೆ ಹೋಗಿಬರುವಷ್ಟು ಹೊತ್ತು. ಮೊದಮೊದಲು ಅವಳತ್ತೆ "ನನಗೆ ಮಂಡಿನೋವು" ಎನ್ನುತ್ತಿದ್ದರು. ಫೀಸಿನ ರಸೀದಿ ತಂದು ದೇವರ ಮುಂದಿಟ್ಟ ದಿನದಿಂದ ಮಂಡಿನೋವು ಸ್ವಲ್ಪ ತಗ್ಗಿದೆ. ಮಗುವಿಗೆ ಮೂರು ತುಂಬಿದರೆ ಅಂಗನವಾಡಿ ಇದ್ದೇ ಇದೆ.

ಕಳೆದ ಮೇ ತಿಂಗಳಲ್ಲಿ ಅವಳ ಬಾಗಿಲಿಗೆ ಒಂದು ರಟ್ಟು ನೇತುಹಾಕಿದ್ದಳು: "ಪರೀಕ್ಷೆ ಇರುವುದರಿಂದ ಜೂನ್ ಮುಗಿಯುವವರೆಗೆ ಸೀರೆ ತೆಗೆದುಕೊಳ್ಳುವುದಿಲ್ಲ." ಗಿರಾಕಿಗಳು ಬೇರೆ ಕಡೆ ಹೋಗಿಬಿಡುತ್ತಾರೆ ಅಂತ ಗಂಡನಿಗೆ ಭಯ. ಇಬ್ಬರು ಹೋದದ್ದೂ ಹೌದು. ಉಳಿದವರು ಶ್ರಾವಣಕ್ಕೆ ಸೀರೆ ಹಿಡಿದುಕೊಂಡು ಬಂದರು, ಬಂದವರು ಮೊದಲು ಕೇಳಿದ್ದು, "ಪರೀಕ್ಷೆ ಹೇಗಾಯ್ತು ಮಾರಾಯ್ತಿ?" ಎಂದು.