ಸ್ತನದ ಇಂಪ್ಲಾಂಟ್ ಬದಲಿಸಬೇಕಾದಾಗ

ಹುಲಗೋಳದ ಸೊಪ್ಪಿನ ಬೆಟ್ಟದಲ್ಲಿ ಕಾಲಿಗೆ ಮುಳ್ಳು ಚುಚ್ಚಿ, ಅದರ ತುದಿ ಒಳಗೇ ಮುರಿದು ಉಳಿಯಿತೆನ್ನಿ. ದಿನ ಕಳೆದಂತೆ ಅಲ್ಲೊಂದು ಗಟ್ಟಿ ಗಂಟು ಕೈಗೆ ಸಿಗುತ್ತದೆ. ಹೊರದೂಡಲಾಗದ ವಸ್ತುವಿನ ಸುತ್ತ ದೇಹವು ಗೋಡೆ ಕಟ್ಟುವ ರೀತಿ ಇದು. ಶಸ್ತ್ರವೈದ್ಯರು ಎದೆಯೊಳಗೆ ಇರಿಸಿದ ಸಿಲಿಕೋನ್ ಚೀಲಕ್ಕೂ ಇದೇ ನಿಯಮ.

ಕ್ಯಾನ್ಸರ್‌ನಿಂದಾಗಿ ಸ್ತನವನ್ನು ತೆಗೆದ ಮೇಲೆ ಅದರ ಆಕಾರವನ್ನು ಮರಳಿ ರೂಪಿಸಲು ಇಂಪ್ಲಾಂಟ್ ಬಳಸುವುದುಂಟು. ಹೊರಗೆ ಸಿಲಿಕೋನ್ ರಬ್ಬರಿನ ಕವಚ, ಒಳಗೆ ಸಿಲಿಕೋನ್ ಜೆಲ್ ಇಲ್ಲವೆ ಉಪ್ಪುನೀರು. ಜೆಲ್ ತುಂಬಿದ್ದನ್ನು ಮೊದಲು ಅಳವಡಿಸಿದವರು ಅಮೆರಿಕದ ಹ್ಯೂಸ್ಟನ್ನಿನ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ, 1962ರಲ್ಲಿ. ಇದು ಜೀವನಪರ್ಯಂತ ಬಾಳುವ ಸಾಧನವಲ್ಲ. ಹಾಗೆಂದು ಹತ್ತು ವರ್ಷ ತುಂಬಿದೊಡನೆ ಬದಲಿಸಲೇಬೇಕೆಂಬ ನಂಬಿಕೆಯೂ ಸರಿಯಲ್ಲ.

ಬದಲಿಸಲು ಮುಖ್ಯ ಕಾರಣ ಎರಡು. ದೇಹ ಕಟ್ಟಿದ ಆ ಪೊರೆ ಕೆಲವರಲ್ಲಿ ಬಿಗಿದು ಸ್ತನ ಗಟ್ಟಿಯಾಗುತ್ತದೆ, ನೋಯುತ್ತದೆ. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಇದು ಹೆಚ್ಚು. ಎರಡನೆಯದು ಕವಚ ಒಡೆಯುವುದು. ಉಪ್ಪುನೀರಿನದಾದರೆ ಸ್ತನ ಕುಗ್ಗಿ ಕಣ್ಣಿಗೇ ಕಾಣುತ್ತದೆ. ಜೆಲ್ ಹಾಗಲ್ಲ, ಸೋರಿಯೂ ಸುಳಿವು ಕೊಡದಿರಬಹುದು. ಅದಕ್ಕಾಗಿಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅಳವಡಿಸಿದ 5-6 ವರ್ಷಗಳ ಬಳಿಕ ಮೊದಲ ಬಾರಿ, ಆಮೇಲೆ 2-3 ವರ್ಷಗಳಿಗೊಮ್ಮೆ ಎಂ.ಆರ್.ಐ. ಅಥವಾ ಅಲ್ಟ್ರಾಸೌಂಡ್ ಪರೀಕ್ಷೆ ಸೂಚಿಸಿದೆ. ಒರಟು ಮೈಯ ಇಂಪ್ಲಾಂಟ್‌ಗಳ ಸುತ್ತ ಅಪರೂಪವಾಗಿ ಲಿಂಫೋಮಾ ಎಂಬ ಕ್ಯಾನ್ಸರ್ ಬರುವುದರಿಂದ ಅಲರ್ಗಾನ್ ಕಂಪನಿ ತನ್ನ ಬಯೋಸೆಲ್ ಮಾದರಿಯನ್ನು 2019ರಲ್ಲಿ ಹಿಂಪಡೆಯಿತು. ವರ್ಷಗಳ ಬಳಿಕ ಸ್ತನ ಹಠಾತ್ತನೆ ಊದಿಕೊಂಡರೆ ಪರೀಕ್ಷಿಸಲೇಬೇಕು.

ಶಸ್ತ್ರಚಿಕಿತ್ಸೆ ಪೂರ್ಣ ಅರಿವಳಿಕೆಯಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಹಳೆಯ ಗಾಯದ ಗುರುತಿನಲ್ಲೇ ಕೊಯ್ದು ಚೀಲವನ್ನೂ ಅಗತ್ಯವಿದ್ದಷ್ಟು ಪೊರೆಯನ್ನೂ ತೆಗೆದು ಹೊಸದನ್ನು ಇರಿಸುತ್ತಾರೆ. ಪೊರೆ ಬಿಗಿದಿದ್ದರೆ ಕೆಲಸ ದೊಡ್ಡದು, ನೋವೂ ಹೆಚ್ಚು. ರಸ ಹೊರಹೋಗಲು ಕೆಲವು ದಿನ ನಳಿಕೆ ಇರಬಹುದು. ವಾರ ಕಳೆದ ಮೇಲೆ ಹಗುರ ಕೆಲಸ ಮಾಡಬಹುದು. 4ರಿಂದ 6 ವಾರ ಭಾರ ಎತ್ತುವಂತಿಲ್ಲ. ವೈದ್ಯರು "ಭಾರ" ಎಂದಷ್ಟೇ ಹೇಳಿಯಾರು. ನಮ್ಮ ಕಡೆ ಅದರರ್ಥ ಬಾವಿಯ ನೀರು ಸೇದುವುದು, ಸೊಪ್ಪಿನ ಹೊರೆ, ಅಡಿಕೆ ಚೀಲ ಎಲ್ಲವೂ ಎಂದು ಮನೆಯವರಿಗೆ ಮೊದಲೇ ಬಿಡಿಸಿ ಹೇಳಬೇಕು. ಜ್ವರ, ಕೆಂಪಾಗುವಿಕೆ, ಒಂದೇ ಕಡೆಯ ಬಾವು ಕಂಡರೆ ತಡಮಾಡಬಾರದು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ದಾರಿ. ಸೋಂಕು ಹಬ್ಬಿದರೆ ಹೊಸ ಚೀಲವನ್ನೂ ತೆಗೆದು ಕೆಲವು ತಿಂಗಳು ಕಾಯಬೇಕಾದೀತು. ಸ್ತನ ತೆಗೆದಾಗ ಕಳೆದುಹೋದ ಸ್ಪರ್ಶಜ್ಞಾನವನ್ನು ಹೊಸ ಇಂಪ್ಲಾಂಟ್ ಮರಳಿ ಕೊಡದು.

ಬದಲಿಸದೆ ತೆಗೆಸಿಬಿಡುವುದೂ ಒಂದು ಆಯ್ಕೆ. ಬಟ್ಟೆಯೊಳಗೆ ಇರಿಸುವ ಕೃತಕ ಸ್ತನ ಸಾಕೆನ್ನುವವರೂ ಇದ್ದಾರೆ. ಇದನ್ನು ವೈದ್ಯರೇ ಮೊದಲು ಹೇಳಬೇಕೆಂದು ನನ್ನ ಅಭಿಪ್ರಾಯ.

ಆಸ್ಪತ್ರೆಯಿಂದ ಹೊರಡುವಾಗ ಇಂಪ್ಲಾಂಟ್ ಕಾರ್ಡನ್ನು ಕೇಳಿ ಪಡೆಯಿರಿ. ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ ಅದರಲ್ಲಿರುತ್ತವೆ. 2010ರಲ್ಲಿ ಫ್ರಾನ್ಸಿನ ಪಿ.ಐ.ಪಿ. ಕಂಪನಿ ಕೈಗಾರಿಕಾ ದರ್ಜೆಯ ಸಿಲಿಕೋನ್ ತುಂಬುತ್ತಿದ್ದುದು ಬಯಲಾದಾಗ, ತಮ್ಮೊಳಗಿರುವುದು ಯಾರ ತಯಾರಿಕೆಯೆಂದು ಹಲವು ದೇಶಗಳ ಮಹಿಳೆಯರು ಹುಡುಕಬೇಕಾದದ್ದು ಈ ವಿವರವನ್ನೇ. ಅದು ರೇಷನ್ ಕಾರ್ಡಿನ ಜೊತೆಗೇ ಇರಲಿ.