ಒಂದರಿಂದ ಹನ್ನೊಂದಕ್ಕೆ: ಮಯಾಮಿ ಡಾಲ್ಫಿನ್ಸ್ ಎದ್ದು ನಿಂತ ವರ್ಷ

16 ಮ್ಯಾಚ್ ಆಡಿ 15 ಸೋತ ತಂಡವೊಂದು ಮರುವರ್ಷವೇ 11 ಗೆದ್ದು ತನ್ನ ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂದರೆ ಏನಂತೀರಿ? ಕೋಚ್ ಬದಲಾದ, ಹೊಸ ಟ್ರಿಕ್ ತಂದ, ಗೆದ್ದರು ಅಂತೀವಿ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 2008ರ ಮಯಾಮಿ ಡಾಲ್ಫಿನ್ಸ್ ತಂಡದ ಬಗ್ಗೆ ಜನ ಹೇಳೋದೂ ಇದನ್ನೇ. ಟ್ರಿಕ್ ಇದ್ದದ್ದು ನಿಜ, ಅದು ಚೆನ್ನಾಗಿಯೂ ಇತ್ತು. ಆದರೆ ಅಂಕಿಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಕಥೆ ಸ್ವಲ್ಪ ಬೇರೆ ಇದೆ.

ಆಟ ಗೊತ್ತಿಲ್ಲದವರಿಗೆ ಮೊದಲು ನಾಲ್ಕು ಮಾತು. ಎರಡೂ ಕಡೆ 11 ಜನ, ಎರಡು ಗೋಲ್ ಗೆರೆಗಳ ನಡುವೆ 100 ಗಜ. ಚೆಂಡು ಇರುವ ತಂಡಕ್ಕೆ 4 ಪ್ರಯತ್ನ ಸಿಗುತ್ತೆ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ 4 ಪ್ರಯತ್ನ, ಇಲ್ಲಾಂದ್ರೆ ಚೆಂಡು ಎದುರಾಳಿಗೆ. ಚೆಂಡು ಹಿಡಿದು ಕೊನೇ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಆಟ ನಡೆಸುವವನು, ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್ (ನಮ್ಮ ಸೆಮಿಸ್ಟರ್ ‘ಬ್ಯಾಕ್’ ಅಲ್ಲ!). ಚೆಂಡು ಹಿಡಿದು ಓಡುವವನು ರನ್ನಿಂಗ್ ಬ್ಯಾಕ್. ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ಇಂಟರ್‌ಸೆಪ್ಷನ್. ಹೀಗೋ, ಓಡುವಾಗ ಕೈಜಾರಿಯೋ ಚೆಂಡು ಎದುರಾಳಿಯ ಪಾಲಾದರೆ ಅದಕ್ಕೆ ಟರ್ನೋವರ್ ಅಂತಾರೆ. ಈ ಪದ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಸೋಲಿನ ವರ್ಷ

ಡಾಲ್ಫಿನ್ಸ್ ಸಾಮಾನ್ಯ ತಂಡವೇನಲ್ಲ. 1972ರಲ್ಲಿ ಆಡಿದ 17 ಪಂದ್ಯಗಳನ್ನೂ ಗೆದ್ದು ಸೂಪರ್ ಬೌಲ್ ಎತ್ತಿದ ತಂಡ. ಅಂಥ ತಂಡ 2007ರಲ್ಲಿ ಮೊದಲ 13 ಮ್ಯಾಚ್‌ಗಳನ್ನೂ ಸೋತಿತು. ಒಂದೂ ಸೋಲದ ದಾಖಲೆ ಇದ್ದವರಿಗೇ ಒಂದೂ ಗೆಲ್ಲದ ದಾಖಲೆ ಅಂಟುವ ಹಾಗಿತ್ತು. 14ನೇ ಪಂದ್ಯದಲ್ಲಿ ಬಾಲ್ಟಿಮೋರ್ ರೇವನ್ಸ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 22-16ರಿಂದ ಗೆದ್ದು ಹೇಗೋ ಮಾನ ಉಳಿಸಿಕೊಂಡರು. ಆ ವರ್ಷದ ಗೆಲುವು ಅಂದರೆ ಅದೊಂದೇ.

ಸೀಸನ್ ಮುಗಿಯುವ ಹೊತ್ತಿಗೆ ಬಿಲ್ ಪಾರ್ಸೆಲ್ಸ್ ಎಂಬ ಅನುಭವಿಯನ್ನು ತಂಡದ ಮೇಲುಸ್ತುವಾರಿಗೆ ಕರೆತಂದರು. ಮುಖ್ಯ ಕೋಚ್ ಕ್ಯಾಮ್ ಕ್ಯಾಮರಾನ್‌ರನ್ನು ಮನೆಗೆ ಕಳಿಸಿ, ಡಲ್ಲಾಸ್ ತಂಡದಲ್ಲಿ ಸಹಾಯಕರಾಗಿದ್ದ ಟೋನಿ ಸ್ಪರಾನೊ ಅವರನ್ನು ಆ ಜಾಗಕ್ಕೆ ತಂದರು. ಹಳೇ ದೊಡ್ಡ ಹೆಸರುಗಳನ್ನೂ ಕೈಬಿಟ್ಟರು. ಕೊನೇ ಸ್ಥಾನದ ತಂಡಕ್ಕೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಅವಕಾಶ ಸಿಗುತ್ತೆ. ಅದರಲ್ಲಿ ಇವರು ಆರಿಸಿದ್ದು ಜೇಕ್ ಲಾಂಗ್‌ನನ್ನು. ಕ್ವಾರ್ಟರ್‌ಬ್ಯಾಕ್ ಮೇಲೆ ಯಾರೂ ಬೀಳದ ಹಾಗೆ ತಡೆಯುವುದೇ ಅವನ ಕೆಲಸ. ಟಿವಿಯಲ್ಲಿ ಯಾರ ಕಣ್ಣಿಗೂ ಬೀಳದ ಜಾಗ ಅದು.

ಬೇಡವಾದ ಮನುಷ್ಯ

2008ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡ ದಂತಕಥೆಯಂಥ ಬ್ರೆಟ್ ಫಾರ್ವ್‌ನನ್ನು ತಂದುಕೊಂಡಿತು. ಅಲ್ಲಿ 2000ದಿಂದಲೂ ಇದ್ದ ಚಾಡ್ ಪೆನ್ನಿಂಗ್ಟನ್‌ನನ್ನು ಬಿಟ್ಟುಬಿಟ್ಟಿತು. ಎಸೆಯುವ ಭುಜಕ್ಕೆ ಎರಡು ಸಲ ಆಪರೇಷನ್ ಆಗಿದ್ದ ಆಟಗಾರ, ದೂರ ಎಸೆಯುವ ಬಲ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಎಲ್ಲಿ ಎಸೆಯಬೇಕು, ಅದಕ್ಕಿಂತ ಮುಖ್ಯವಾಗಿ ಎಲ್ಲಿ ಎಸೆಯಬಾರದು ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನನ್ನು ಜೆಟ್ಸ್ ಆರಿಸಿಕೊಂಡಾಗ ಅಲ್ಲಿದ್ದವರು ಇದೇ ಪಾರ್ಸೆಲ್ಸ್. ಮಯಾಮಿ ತಡ ಮಾಡದೆ ಅವನನ್ನು ಸೇರಿಸಿಕೊಂಡಿತು.

ಆದರೂ ಶುರು ಕೆಟ್ಟದಾಗೇ ಇತ್ತು. ಮೊದಲ ಮ್ಯಾಚ್‌ನಲ್ಲಿ ಅದೇ ಜೆಟ್ಸ್ ಕೈಯಲ್ಲಿ ಸೋಲು, ಎರಡನೆಯದರಲ್ಲಿ ಅರಿಝೋನಾ ಕೈಯಲ್ಲಿ 31-10 ಸೋಲು. ಮೂರನೆಯದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮೇಲೆ, ಅದೂ ಅವರ ಊರಲ್ಲಿ. ಲೀಗ್ ಹಂತದಲ್ಲಿ ಸತತ 21 ಪಂದ್ಯ ಗೆದ್ದು ಕೂತಿದ್ದ ತಂಡ ಅದು.

ಟ್ರಿಕ್‌ನ ಲೆಕ್ಕ

ಆಗ ಹೊರಬಂತು ‘ವೈಲ್ಡ್‌ಕ್ಯಾಟ್’. ಕ್ವಾರ್ಟರ್‌ಬ್ಯಾಕ್‌ಗಳ ಕೋಚ್ ಡೇವಿಡ್ ಲೀ ಇದನ್ನು ಅರ್ಕಾನ್ಸಾ ವಿಶ್ವವಿದ್ಯಾಲಯದ ತಂಡದಿಂದ ತಂದಿದ್ದರು. ಹಿಂದಿರುವುದು ಸರಳ ಲೆಕ್ಕ.

ಸಾಮಾನ್ಯ ಓಟದಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ರನ್ನಿಂಗ್ ಬ್ಯಾಕ್ ಕೈಗಿಟ್ಟು ಪಕ್ಕಕ್ಕೆ ಸರೀತಾನೆ. ಓಡುವವನು ಒಬ್ಬ, ಕೆಲಸವಿಲ್ಲದೆ ನಿಂತವನು ಒಬ್ಬ. ದಾರಿ ಮಾಡಿಕೊಡೋಕೆ ಉಳಿದವರು 9 ಜನ, ತಡೆಯೋಕೆ ಎದುರು 11 ಜನ. ವೈಲ್ಡ್‌ಕ್ಯಾಟ್‌ನಲ್ಲಿ ಚೆಂಡು ನೇರವಾಗಿ ರನ್ನಿಂಗ್ ಬ್ಯಾಕ್ ರಾನಿ ಬ್ರೌನ್ ಕೈಗೆ ಬರುತ್ತೆ. ಪೆನ್ನಿಂಗ್ಟನ್ ದೂರದ ಅಂಚಿಗೆ ಹೋಗಿ ಚೆಂಡು ಹಿಡಿಯುವವನ ಥರ ನಿಲ್ತಾನೆ. ಅವನ ಹತ್ತಿರ ಯಾರೂ ಇಲ್ಲದಿದ್ದರೆ ಅವನಿಗೇ ಎಸೆದಾರು, ಹಾಗಾಗಿ ಕಾಯೋಕೆ ಒಬ್ಬನನ್ನು ಕಳಿಸಲೇಬೇಕು. ಈಗ ಲೆಕ್ಕ 9ಕ್ಕೆ 10. ಇದರ ಜೊತೆಗೆ ಇನ್ನೊಬ್ಬ ರನ್ನಿಂಗ್ ಬ್ಯಾಕ್ ರಿಕಿ ವಿಲಿಯಮ್ಸ್ ಪಕ್ಕದಿಂದ ಬ್ರೌನ್ ಮುಂದೆ ಅಡ್ಡಲಾಗಿ ಓಡಿಬರ್ತಾನೆ. ಬ್ರೌನ್ ಚೆಂಡನ್ನು ಅವನಿಗೆ ಕೊಡಬಹುದು, ಕೊಟ್ಟ ಹಾಗೆ ಮಾಡಿ ತಾನೇ ನುಗ್ಗಬಹುದು, ಎಸೆಯಲೂಬಹುದು. ಎದುರಾಳಿ ಅರ್ಧ ಸೆಕೆಂಡ್ ತಡವರಿಸಿದರೂ ಸಾಕು.

2008ರ ಸೆಪ್ಟೆಂಬರ್ 21. ಇದನ್ನು ಬಳಸಿದ್ದು ಬರೀ 6 ಸಲ, ಅದರಲ್ಲಿ 4 ಟಚ್‌ಡೌನ್ ಬಂತು. ಒಟ್ಟಾರೆ ಆ ದಿನ ಬ್ರೌನ್ ಓಡಿ 4, ಎಸೆದು 1 ಟಚ್‌ಡೌನ್ ಮಾಡಿದ. ಮಯಾಮಿ 38, ಪೇಟ್ರಿಯಟ್ಸ್ 13. ನೆಲದ ಮೇಲೆ ಬಿದ್ದಿದ್ದ ತಂಡವನ್ನು ಇಡೀ ದೇಶ ತಿರುಗಿ ನೋಡಿತು.

ಟ್ರಿಕ್ ಎಷ್ಟು ದಿನ?

ಇಲ್ಲೇ ನಾವು ಎಡವೋದು. ಆ ಪಂದ್ಯದ ಆಧಾರದ ಮೇಲೆ ಇಡೀ ಸೀಸನ್ನಿನ ಕಥೆ ಬರೆದುಬಿಡ್ತೀವಿ. ಆದರೆ ಎದುರಾಳಿಗಳ ಹತ್ತಿರವೂ ವಿಡಿಯೊ ಇರುತ್ತೆ ಅಲ್ವಾ? 6 ಪಂದ್ಯ ಮುಗಿದಾಗ ಮಯಾಮಿಯದ್ದು 2 ಗೆಲುವು, 4 ಸೋಲು. ನವೆಂಬರ್‌ನಲ್ಲಿ ಪೇಟ್ರಿಯಟ್ಸ್ ಮತ್ತೆ ಸಿಕ್ಕಾಗ 48-28ರಿಂದ ಸೇಡು ತೀರಿಸಿಕೊಂಡರು. ಆದರೂ ಕೊನೆಯ 10 ಪಂದ್ಯಗಳಲ್ಲಿ ಮಯಾಮಿ 9 ಗೆದ್ದಿತು. ಹೇಗೆ ಅಂತ ಸ್ಕೋರ್ ನೋಡಿ: 21-19, 17-15, 16-12, 14-9. ಇದು ಮೆರೆದಾಡಿದ ತಂಡದ ಸ್ಕೋರ್ ಅಲ್ಲ. ತಪ್ಪು ಮಾಡದೆ ಕಾದು ಗೆದ್ದ ತಂಡದ ಸ್ಕೋರ್.

ಈಗ ಟರ್ನೋವರ್‌ಗೆ ಬರೋಣ. ಆ ವರ್ಷದ 16 ಪಂದ್ಯಗಳಲ್ಲಿ ಮಯಾಮಿ ಚೆಂಡು ಕಳೆದುಕೊಂಡದ್ದು ಒಟ್ಟು 13 ಸಲ. ಪಂದ್ಯಕ್ಕೆ ಒಂದೂ ಇಲ್ಲ. 16 ಪಂದ್ಯಗಳ ಸೀಸನ್‌ನಲ್ಲಿ ಅಲ್ಲಿವರೆಗೆ ಇದಕ್ಕಿಂತ ಕಡಿಮೆ ಯಾರೂ ಮಾಡಿರಲಿಲ್ಲ. ಭುಜ ಹೋದವನು ಅನ್ನಿಸಿಕೊಂಡಿದ್ದ ಪೆನ್ನಿಂಗ್ಟನ್ 3,653 ಗಜ ಎಸೆದ, ಬರೀ 7 ಇಂಟರ್‌ಸೆಪ್ಷನ್. ಕೊನೇ ಪಂದ್ಯ ನ್ಯೂಯಾರ್ಕ್‌ನ ಜೆಟ್ಸ್ ಮೇಲೆ, ಅವನನ್ನು ಬಿಟ್ಟ ತಂಡದ ಮೈದಾನದಲ್ಲೇ. ಗೆದ್ದರೆ ಗುಂಪಿನ ಮೊದಲ ಸ್ಥಾನ. ಆ ದಿನ ಫಾರ್ವ್ 3 ಇಂಟರ್‌ಸೆಪ್ಷನ್ ಕೊಟ್ಟ, ಮಯಾಮಿ 24-17ರಿಂದ ಗೆದ್ದಿತು. ಅಷ್ಟೇ ಪಂದ್ಯ ಗೆದ್ದಿದ್ದ ಪೇಟ್ರಿಯಟ್ಸ್ ಪ್ಲೇಆಫ್ ಹೊರಗೇ ಉಳಿಯಿತು.

ಅದೃಷ್ಟದ ಪಾಲು

ಪೂರ್ತಿ ಪ್ರಾಮಾಣಿಕವಾಗಿ ಹೇಳಬೇಕಂದ್ರೆ ಇನ್ನೂ ಎರಡು ಮಾತಿದೆ. ಒಂದು, 2007ರ 15 ಸೋಲುಗಳಲ್ಲಿ 6 ಸೋಲು ಬರೀ 3 ಅಂಕದ ಅಂತರದ್ದು. ಅಂದರೆ ಆ ತಂಡ ಪಟ್ಟಿಯಲ್ಲಿ ಕಂಡಷ್ಟು ಕೆಟ್ಟದಾಗಿರಲಿಲ್ಲ. 16 ಅನ್ನೋದು ತುಂಬಾ ಚಿಕ್ಕ ಸ್ಯಾಂಪಲ್, ಸ್ಟ್ಯಾಟಿಸ್ಟಿಕ್ಸ್ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು, 2008ರಲ್ಲಿ ಎದುರಾಳಿಗಳು ಸುಲಭದವರಿದ್ದರು. ಪೇಟ್ರಿಯಟ್ಸ್‌ನ ದೊಡ್ಡ ಆಟಗಾರ ಟಾಮ್ ಬ್ರೇಡಿ ಕೂಡ ಮೊದಲ ಪಂದ್ಯದಲ್ಲೇ ಮಂಡಿ ಪೆಟ್ಟಾಗಿ ಹೊರಬಿದ್ದಿದ್ದ.

ಪ್ಲೇಆಫ್‌ನಲ್ಲಿ ಸಿಕ್ಕಿದ್ದು ರೇವನ್ಸ್. ಆ ತಂಡದ ಆಕ್ರಮಣದ ಕೋಚ್ ಯಾರು ಗೊತ್ತಾ? ಮಯಾಮಿ ಮನೆಗೆ ಕಳಿಸಿದ್ದ ಅದೇ ಕ್ಯಾಮರಾನ್! ಇಡೀ ಸೀಸನ್‌ನಲ್ಲಿ 7 ಇಂಟರ್‌ಸೆಪ್ಷನ್ ಕೊಟ್ಟಿದ್ದ ಪೆನ್ನಿಂಗ್ಟನ್ ಆ ಒಂದೇ ದಿನ 4 ಕೊಟ್ಟ. 27-9ರಿಂದ ಸೋತರು. ಮರುವರ್ಷ ಮೂರನೇ ಪಂದ್ಯದಲ್ಲಿ ಅವನ ಭುಜ ಮತ್ತೆ ಕೈಕೊಟ್ಟಿತು, ತಂಡ 7 ಗೆದ್ದು 9 ಸೋತಿತು.

ಹಾಗಂತ 2008 ಸುಳ್ಳಾಗಲಿಲ್ಲ. 1ರಿಂದ 11ಕ್ಕೆ, ಒಂದೇ ವರ್ಷದಲ್ಲಿ 10 ಗೆಲುವಿನ ಜಿಗಿತ. ಅದಕ್ಕೂ ಮೊದಲು ಇಷ್ಟು ಜಿಗಿದದ್ದು 1999ರ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಮಾತ್ರ. ವೈಲ್ಡ್‌ಕ್ಯಾಟ್ ಅವರಿಗೆ ಒಂದು ದೊಡ್ಡ ಗೆಲುವನ್ನೂ ನಾವೂ ಗೆಲ್ಲಬಹುದು ಅನ್ನೋ ಧೈರ್ಯವನ್ನೂ ಕೊಟ್ಟಿತು. ಮಿಕ್ಕ ಹತ್ತು ಗೆಲುವು ಬಂದದ್ದು ಹೆಚ್ಚಾಗಿ ಚೆಂಡನ್ನು ಕೈಯಲ್ಲಿ ಭದ್ರವಾಗಿ ಇಟ್ಟುಕೊಂಡದ್ದರಿಂದ.

ಹೋದ ಸೆಮ್‌ನಲ್ಲಿ ನಾಲ್ಕು ಬ್ಯಾಕ್ ಇಟ್ಟುಕೊಂಡು ಈ ಸಲ ಏನಾದ್ರೂ ಹೊಸ ಟ್ರಿಕ್ ಸಿಗುತ್ತಾ ಅಂತ ಹುಡುಕುತ್ತಾ ಇರೋರಿಗೆ ಇಷ್ಟೇ ಹೇಳೋದು: ಟ್ರಿಕ್ ಸಿಕ್ಕರೆ ಬಳಸಿ, ಬೇಡ ಅನ್ನಲ್ಲ. ಆದರೆ ಮೊದಲು ಹೋದ ಸಲ ಮಾರ್ಕ್ಸ್ ಎಲ್ಲೆಲ್ಲಿ ಕೈಜಾರಿ ಹೋಯ್ತು ಅಂತ ಒಂದು ಹಾಳೆ ಮೇಲೆ ಬರೆದುಕೊಳ್ಳಿ.